‘ಸ್ವಲ್ಪ ಅಡ್ಜಸ್ಟ್ ಮಾಡಿ ಸಿಸ್ಟರ್’: ನಮ್ಮ ಆಸ್ಪತ್ರೆಗಳಲ್ಲಿ ಹೊಂದಿಕೊಳ್ಳಬೇಕಾದವರು ಯಾರು?

ಪ್ರತಿ ವರ್ಷ ಮೇ 12 ಬಂತೆಂದರೆ ಕರಾವಳಿಯ ನಮ್ಮ ಆಸ್ಪತ್ರೆಗಳಲ್ಲಿ ಸಡಗರ. ಅಂದು ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ, ವಿಶ್ವ ದಾದಿಯರ ದಿನ. ಪ್ರಾರ್ಥನಾ ಗೀತೆ, ದೀಪ ಬೆಳಗುವಿಕೆ, ಪ್ರತಿಜ್ಞೆ, ಕೇಕು, ಕೈಗೊಂದು ಗುಲಾಬಿ ಹೂವು ಎಲ್ಲವೂ ಇರುತ್ತದೆ. ವೇದಿಕೆಯಲ್ಲಿರುವ ಗಣ್ಯರು ದಾದಿಯರನ್ನು ದೇವದೂತರಿಗೆ ಹೋಲಿಸುತ್ತಾರೆ. ಮರುದಿನ ಬೆಳಿಗ್ಗೆ ವಾರ್ಡಿಗೆ ಡ್ಯೂಟಿಗೆ ಬರಬೇಕಾದವರೊಬ್ಬರು ಬಂದಿರುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಚೀಲ ಹೆಗಲಿಗೇರಿಸಿದ ದಾದಿಗೆ ವಾರ್ಡ್ ಇನ್‌ಚಾರ್ಜ್ ಹೇಳುವ ಮಾತು ಒಂದೇ: "ಸ್ವಲ್ಪ ಅಡ್ಜಸ್ಟ್ ಮಾಡಿ ಸಿಸ್ಟರ್, ಮಧ್ಯಾಹ್ನದವರೆಗೆ ಮಾತ್ರ." ದೇವದೂತರಿಗೆ ನಿದ್ದೆಯ ಅಗತ್ಯ ಇರಲಾರದು, ಆದರೆ ದಾದಿಯರಿಗೆ ಇದೆ.

ಈ ‘ಅಡ್ಜಸ್ಟ್’ ಎಂಬ ಪದವನ್ನೇ ನಾವು ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿದ್ದೇವೆ. ಆಸ್ಪತ್ರೆಗೆ ಹೊಂದಿಕೊಳ್ಳುವ ಗುಣ ಬೇಕೇ ಬೇಕು. ರೋಗ ಗಡಿಯಾರ ನೋಡಿ ಬರುವುದಿಲ್ಲ, ಹೆರಿಗೆ ನೋವು ಪಾಳಿ ಬದಲಾಗುವವರೆಗೆ ಕಾಯುವುದಿಲ್ಲ. ಪ್ರಶ್ನೆ ಇರುವುದು ಯಾರು ಹೊಂದಿಕೊಳ್ಳಬೇಕು ಎಂಬುದರಲ್ಲಿ. ಆಡಳಿತ ತನ್ನ ಪದ್ಧತಿಯನ್ನು ಬದಲಿಸಿಕೊಂಡು ಸಿಬ್ಬಂದಿಗೆ ಅನುಕೂಲ ಮಾಡಿಕೊಡುವುದು ಒಂದು ಬಗೆ. ಆಡಳಿತ ಇದ್ದಲ್ಲೇ ಇದ್ದು, ಕೊರತೆ ಬಂದಾಗಲೆಲ್ಲ ಸಿಬ್ಬಂದಿಯನ್ನೇ ಎಳೆದು ಹಿಗ್ಗಿಸುವುದು ಇನ್ನೊಂದು ಬಗೆ. ಮೊದಲನೆಯದು ನಡೆದ ಕಡೆ ವೈದ್ಯರೂ ದಾದಿಯರೂ ಚೆನ್ನಾಗಿ ಕೆಲಸ ಮಾಡುತ್ತಾರೆ, ರೋಗಿಗಳೂ ಹೆಚ್ಚು ಕ್ಷೇಮವಾಗಿರುತ್ತಾರೆ ಎನ್ನುವುದಕ್ಕೆ ಕಳೆದ ನಲವತ್ತು ವರ್ಷಗಳಲ್ಲಿ ಸಾಕಷ್ಟು ಆಧಾರ ಸಿಕ್ಕಿದೆ. ಆದರೆ ಧರ್ಮಸಭೆಯ ಆಸ್ಪತ್ರೆಗಳಿಗೆ ಇದು ಕಷ್ಟವಾಗುವುದಕ್ಕೆ ಒಂದು ವಿಶೇಷ ಕಾರಣವಿದೆ. ಅದು ನಮ್ಮ ಇತಿಹಾಸದಲ್ಲಿದೆ.

ಕನ್ನಡದಲ್ಲಿ ನಾವು ಧರ್ಮಭಗಿನಿಯನ್ನೂ ‘ಸಿಸ್ಟರ್’ ಎನ್ನುತ್ತೇವೆ, ದಾದಿಯನ್ನೂ ‘ಸಿಸ್ಟರ್’ ಎನ್ನುತ್ತೇವೆ. ಒಂದು ಕಾಲದಲ್ಲಿ ಇದರಿಂದ ಗೊಂದಲವೇನೂ ಇರಲಿಲ್ಲ, ಏಕೆಂದರೆ ಅನೇಕ ಕಡೆ ಇಬ್ಬರೂ ಒಬ್ಬರೇ ಆಗಿದ್ದರು. 1880ರಲ್ಲಿ ಯೇಸು ಸಭೆಯ ಫಾದರ್ ಅಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಹೋಮಿಯೋಪತಿ ಔಷಧ ಕೊಡಲು ಆರಂಭಿಸಿದ್ದು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದ್ದು, 1902ರಲ್ಲಿ ಪ್ಲೇಗ್ ಬಂದಾಗ ಅದಕ್ಕೆಂದೇ ಆಸ್ಪತ್ರೆ ತೆರೆದದ್ದು ನಮ್ಮ ಓದುಗರಿಗೆ ಗೊತ್ತಿರುವ ಸಂಗತಿ. ಆಂಧ್ರದ ಗುಂಟೂರಿನಲ್ಲಿ ಆಸ್ಟ್ರೇಲಿಯಾದ ವೈದ್ಯೆ, ಧರ್ಮಭಗಿನಿ ಸಿಸ್ಟರ್ ಮೇರಿ ಗ್ಲೌರಿ ಸ್ಥಳೀಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದರು. ಆ ತಲೆಮಾರಿನ ಆಸ್ಪತ್ರೆಗಳಲ್ಲಿ ಕಾನ್ವೆಂಟ್ ಆಸ್ಪತ್ರೆಯ ಕಂಪೌಂಡಿನೊಳಗೇ ಇರುತ್ತಿತ್ತು. ಮಧ್ಯರಾತ್ರಿ ಗಂಟೆ ಬಾರಿಸಿದರೆ ಧರ್ಮಭಗಿನಿಯರು ಅಂಗಳ ದಾಟಿ ವಾರ್ಡಿಗೆ ಬರುತ್ತಿದ್ದರು. ಅವರಿಗೆ ಸಂಸಾರವಿರಲಿಲ್ಲ, ಹಿಡಿಯಬೇಕಾದ ಬಸ್ಸಿರಲಿಲ್ಲ. ವಿಧೇಯತೆಯ ವ್ರತವಿತ್ತು. ಎಷ್ಟು ಜನ, ಎಷ್ಟು ಹೊತ್ತು, ಯಾರ ಬದಲಿಗೆ ಯಾರು ಎಂಬ ಲೆಕ್ಕವನ್ನು ಆಡಳಿತ ಕಾಗದದ ಮೇಲೆ ಬರೆಯಬೇಕಾಗಿಯೇ ಇರಲಿಲ್ಲ. ಆಸ್ಪತ್ರೆಗೆ ಬೇಕಾದ ಹಿಗ್ಗುವ ಕುಗ್ಗುವ ಶಕ್ತಿಯೆಲ್ಲ ಆ ಕಾನ್ವೆಂಟಿನ ಬದುಕಿನಲ್ಲಿಯೇ ಅಡಗಿತ್ತು.

ಇಂದು ಚಿತ್ರ ಬದಲಾಗಿದೆ. ಧರ್ಮಭಗಿನಿಯರಾಗುವವರ ಸಂಖ್ಯೆ ಕಡಿಮೆಯಾಗಿದೆ, ಇದ್ದವರಲ್ಲಿ ಅನೇಕರಿಗೆ ವಯಸ್ಸಾಗಿದೆ. ವಾರ್ಡುಗಳನ್ನು ನಡೆಸುತ್ತಿರುವವರು ಶ್ರೀಸಾಮಾನ್ಯ ದಾದಿಯರು. ಅವರಲ್ಲಿ ಕ್ರೈಸ್ತರಿದ್ದಾರೆ, ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ. ಹಲವರಿಗೆ ಮದುವೆಯಾಗಿದೆ, ಕೆಲವರ ಗಂಡಂದಿರು ಗಲ್ಫಿನಲ್ಲಿದ್ದಾರೆ. ಮಗುವನ್ನು ಶಾಲೆಗೆ ಕಳುಹಿಸಬೇಕು, ಅತ್ತೆಗೆ ಮಾತ್ರೆ ಕೊಡಬೇಕು, ರಾತ್ರಿ ಕೊನೆಯ ಬಸ್ಸು ಹಿಡಿಯಬೇಕು. ಅವರು ವ್ರತ ತೊಟ್ಟವರಲ್ಲ, ಉದ್ಯೋಗಕ್ಕೆ ಸೇರಿದವರು. ಆದರೆ ಅನೇಕ ಕಡೆ ಆಡಳಿತದ ಮನಸ್ಸು ಇನ್ನೂ ಆ ಕಾನ್ವೆಂಟಿನ ಗಂಟೆಯ ಕಾಲದಲ್ಲೇ ಇದೆ. ದಾದಿ ಎರಡನೇ ಪಾಳಿ ಮಾಡಲಾರೆ ಎಂದರೆ ಅದು ಅವಿಧೇಯತೆಯಂತೆ, ಸೇವಾಮನೋಭಾವದ ಕೊರತೆಯಂತೆ ಕಾಣುತ್ತದೆ. ಯಾರೂ ಕೆಟ್ಟವರೆಂದು ನಾವು ಹೇಳುತ್ತಿಲ್ಲ. ಸ್ವತಃ ದಿನಕ್ಕೆ ಹದಿನಾರು ಗಂಟೆ ದುಡಿಯುವ ಧರ್ಮಭಗಿನಿ ಆಡಳಿತಾಧಿಕಾರಿಗೆ ಎಂಟು ಗಂಟೆಯ ಮೇಲೆ ಒಂದು ಗಂಟೆ ಹೆಚ್ಚು ಕೇಳುವುದು ದೊಡ್ಡದೆನಿಸದಿರುವುದು ಸಹಜ. ತೊಂದರೆ ಇರುವುದು ಅಲ್ಲಿಯೇ.

ದಾದಿಯರು ಕೆಲವು ಆಸ್ಪತ್ರೆಗಳನ್ನು ಬಿಟ್ಟುಹೋಗುವುದೇ ಇಲ್ಲ, ಕೆಲವಲ್ಲಿ ನಿಲ್ಲುವುದೇ ಇಲ್ಲ. ಏಕೆ ಎಂಬ ಪ್ರಶ್ನೆಯನ್ನು ಅಮೆರಿಕದಲ್ಲಿ 1980ರ ದಶಕದ ಆರಂಭದಲ್ಲಿ, ದಾದಿಯರ ಕೊರತೆ ತೀವ್ರವಾಗಿದ್ದಾಗ ಕೇಳಲಾಯಿತು. ಅಲ್ಲಿನ ನರ್ಸಿಂಗ್ ಅಕಾಡೆಮಿ 163 ಆಸ್ಪತ್ರೆಗಳನ್ನು ಪರಿಶೀಲಿಸಿ, ದಾದಿಯರನ್ನು ಅಯಸ್ಕಾಂತದಂತೆ ಸೆಳೆದು ಉಳಿಸಿಕೊಂಡ 41 ಆಸ್ಪತ್ರೆಗಳನ್ನು ಆರಿಸಿ 1983ರಲ್ಲಿ ವರದಿ ಕೊಟ್ಟಿತು. ‘ಮ್ಯಾಗ್ನೆಟ್ ಆಸ್ಪತ್ರೆ’ ಎಂಬ ಹೆಸರು ಬಂದದ್ದು ಹಾಗೆ. ಅವುಗಳಲ್ಲಿ ಕಂಡ ಸಾಮಾನ್ಯ ಗುಣಗಳು ಹೀಗಿದ್ದವು: ದಾದಿಯರ ಮುಖ್ಯಸ್ಥೆಗೆ ಆಡಳಿತದ ಉನ್ನತ ಮಟ್ಟದಲ್ಲಿ ಸ್ಥಾನ, ವಾರ್ಡಿನ ನಿರ್ಧಾರ ವಾರ್ಡಿನಲ್ಲೇ, ಸಂಸಾರಕ್ಕೆ ಹೊಂದುವ ಪಾಳಿ, ಕೆಲಸಕ್ಕೆ ಸಾಕಾಗುವಷ್ಟು ಜನ. ಇದರಲ್ಲಿ ಯಂತ್ರವಿಲ್ಲ, ಕಟ್ಟಡವಿಲ್ಲ. 2002ರಲ್ಲಿ ಪ್ರೊಫೆಸರ್ ಲಿಂಡಾ ಐಕನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳ ಅಧ್ಯಯನ ಪ್ರಕಟಿಸಿದರು. ಒಬ್ಬ ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ಶಸ್ತ್ರಚಿಕಿತ್ಸೆಯಾದ ರೋಗಿ 30 ದಿನದೊಳಗೆ ಸಾಯುವ ಸಾಧ್ಯತೆ ಸುಮಾರು ಶೇ. 7ರಷ್ಟು ಹೆಚ್ಚಾಗುವುದು ಅದರಲ್ಲಿ ಕಂಡುಬಂತು. ದಾದಿಯರ ದಣಿವು, ಬೇಸರ ಕೂಡ ಅದರೊಂದಿಗೆ ಏರುತ್ತಿತ್ತು. ‘ಒಂದು ಹೆಚ್ಚು ಹಾಸಿಗೆ ನೋಡಿಕೊಳ್ಳಿ’ ಎಂದು ಸುಲಭವಾಗಿ ಹೇಳುವ ಮುನ್ನ ಈ ಅಂಕಿಯನ್ನು ಪ್ರತಿಯೊಬ್ಬ ಆಡಳಿತಾಧಿಕಾರಿ ನೆನಪಿಡಬೇಕು.

ಇನ್ನೊಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸೆಗೆ ಒಂದು ಸರಳ ಪರಿಶೀಲನಾ ಪಟ್ಟಿಯನ್ನು ಹೊರತಂದಿತು. ರೋಗಿ ಇವರೇ ತಾನೇ, ಆಪರೇಷನ್ ಯಾವ ಬದಿಗೆ, ಅಲರ್ಜಿ ಇದೆಯೇ, ಆಂಟಿಬಯಾಟಿಕ್ ಕೊಟ್ಟಾಯಿತೇ, ಹತ್ತಿ ಬಟ್ಟೆ ಮತ್ತು ಉಪಕರಣಗಳ ಎಣಿಕೆ ಸರಿಯಾಯಿತೇ ಎಂಬಂಥ 19 ಅಂಶಗಳು ಅದರಲ್ಲಿದ್ದವು. ಕತ್ತರಿ ಹಚ್ಚುವ ಮುನ್ನ ಥಿಯೇಟರಿನಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಿಕೊಳ್ಳಬೇಕು ಎಂಬುದೂ ಒಂದು ಅಂಶ. ಎಂಟು ದೇಶಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿದರು. ಅವುಗಳಲ್ಲಿ ಒಂದು ದೆಹಲಿಯ ಕ್ರೈಸ್ತ ಮಿಷನ್ ಆಸ್ಪತ್ರೆಯಾದ ಸಂತ ಸ್ಟೀಫನ್ ಆಸ್ಪತ್ರೆ ಎಂಬುದು ನಮಗೆ ಹೆಮ್ಮೆಯ ವಿಷಯ. 2009ರಲ್ಲಿ ಫಲಿತಾಂಶ ಬಂತು. ಆ ಎಂಟೂ ಆಸ್ಪತ್ರೆಗಳನ್ನು ಒಟ್ಟಿಗೆ ನೋಡಿದರೆ ಸಾವಿನ ಪ್ರಮಾಣ ಶೇ. 1.5ರಿಂದ ಶೇ. 0.8ಕ್ಕೆ ಇಳಿದಿತ್ತು. ತೊಡಕುಗಳೂ ಶೇ. 11ರಿಂದ ಶೇ. 7ಕ್ಕೆ ಇಳಿದಿದ್ದವು.

ಕೆನಡಾದ ಒಂಟಾರಿಯೋ ಪ್ರಾಂತ್ಯ ಇದನ್ನು ನೋಡಿ, 2010ರಿಂದ ಎಲ್ಲ ಆಸ್ಪತ್ರೆಗಳೂ ಈ ಪಟ್ಟಿಯ ಪಾಲನೆಯ ಲೆಕ್ಕವನ್ನು ಸಾರ್ವಜನಿಕವಾಗಿ ವರದಿ ಮಾಡಬೇಕೆಂದು ಕಡ್ಡಾಯ ಮಾಡಿತು. ಆಸ್ಪತ್ರೆಗಳು ಹೆಚ್ಚುಕಡಿಮೆ ನೂರಕ್ಕೆ ನೂರು ಪಾಲನೆಯಾಗಿದೆಯೆಂದು ವರದಿ ಕಳುಹಿಸಿದವು. 2014ರಲ್ಲಿ 101 ಆಸ್ಪತ್ರೆಗಳ ಅಂಕಿಅಂಶ ತೆಗೆದು ನೋಡಿದಾಗ ಸಾವಿನಲ್ಲಾಗಲಿ ತೊಡಕುಗಳಲ್ಲಾಗಲಿ ಗಣನೀಯ ಇಳಿಕೆ ಕಾಣಲಿಲ್ಲ. ಪಟ್ಟಿ ಅದೇ, ಕಾಗದ ಅದೇ. ಈ ವ್ಯತ್ಯಾಸದ ಬಗ್ಗೆ ವೈದ್ಯಲೋಕದಲ್ಲಿ ದೊಡ್ಡ ಚರ್ಚೆ ನಡೆದಿದೆ, ಅಧ್ಯಯನದ ವಿಧಾನದ ಬಗ್ಗೆಯೂ ತಕರಾರುಗಳಿವೆ. ಆದರೂ ಬಹಳ ಮಂದಿ ಒಪ್ಪುವ ವಿವರಣೆ ಇದು: ಮೊದಲ ಎಂಟು ಆಸ್ಪತ್ರೆಗಳಲ್ಲಿ ಸ್ಥಳೀಯ ತಂಡಗಳು ಪಟ್ಟಿಯನ್ನು ತಮ್ಮ ಥಿಯೇಟರಿಗೆ ಹೊಂದಿಸಿಕೊಂಡವು, ಕುಳಿತು ಮಾತನಾಡಿದವು, ಹಿರಿಯ ಸರ್ಜನ್‌ಗಳು ಮುಂದೆ ನಿಂತರು. ಮೇಲಿನಿಂದ ಆದೇಶವಾಗಿ ಬಂದ ಕಡೆ ಟಿಕ್ ಹಾಕುವ ಕೆಲಸವಷ್ಟೇ ನಡೆಯಿತು. ಮಾನ್ಯತೆ ಪತ್ರಕ್ಕಾಗಿ, ತಪಾಸಣೆಯ ದಿನಕ್ಕಾಗಿ ಕಡತಗಳನ್ನು ಚೊಕ್ಕಟಗೊಳಿಸುವ ಕಲೆಯಲ್ಲಿ ನಮ್ಮ ದೇಶದ ಆಸ್ಪತ್ರೆಗಳೂ ಹಿಂದೆ ಬಿದ್ದಿಲ್ಲ. ತಪಾಸಣೆಯ ಹಿಂದಿನ ರಾತ್ರಿ ಯಾವ ದಾದಿಯನ್ನಾದರೂ ಕೇಳಿ, ಗೊತ್ತಾಗುತ್ತದೆ.

ದಾದಿ ಬಾಯಿಬಿಡಬಲ್ಲಳೇ ಎಂಬ ಪ್ರಶ್ನೆಯೂ ಇದಕ್ಕೇ ಸೇರಿದ್ದು. ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ ಔಷಧ ಕೊಡುವಲ್ಲಿ ಆಗುವ ತಪ್ಪುಗಳ ಬಗ್ಗೆ ನಡೆಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿಚಿತ್ರವಾದದ್ದೊಂದು ಕಂಡಿತು. ಒಳ್ಳೆಯ ಮುಂದಾಳತ್ವ, ಒಳ್ಳೆಯ ಬಾಂಧವ್ಯ ಇದ್ದ ವಾರ್ಡುಗಳಲ್ಲೇ ತಪ್ಪುಗಳ ಲೆಕ್ಕ ಹೆಚ್ಚಿತ್ತು! ಹತ್ತಿರದಿಂದ ನೋಡಿದಾಗ ತಿಳಿದದ್ದೇನೆಂದರೆ, ಆ ವಾರ್ಡುಗಳಲ್ಲಿ ದಾದಿಯರು ಆದ ತಪ್ಪನ್ನು ಹೆದರದೆ ಹೇಳುತ್ತಿದ್ದರು. ಬೇರೆ ಕಡೆ ಮುಚ್ಚಿಡುತ್ತಿದ್ದರು. ಹೇಳಿದ ತಪ್ಪನ್ನು ತಿದ್ದಬಹುದು, ಮುಚ್ಚಿಟ್ಟದ್ದು ಮುಂದಿನ ರೋಗಿಯ ಮೇಲೆ ಮತ್ತೆ ನಡೆಯುತ್ತದೆ. ‘ನಮ್ಮಲ್ಲಿ ಈ ವರ್ಷ ಒಂದೂ ತಪ್ಪು ವರದಿಯಾಗಿಲ್ಲ’ ಎಂದು ಯಾವುದಾದರೂ ಆಸ್ಪತ್ರೆ ಹೇಳಿಕೊಂಡರೆ ನಾವು ಸಂತೋಷಪಡುವ ಬದಲು ಗಾಬರಿಯಾಗಬೇಕು. ತಪ್ಪು ಒಪ್ಪಿಕೊಂಡ ದಾದಿಗೆ ಮೊದಲು ಸಿಗುವುದು ಮೆಮೊ ಆದರೆ ಎರಡನೇ ಬಾರಿ ಯಾರೂ ಒಪ್ಪಿಕೊಳ್ಳುವುದಿಲ್ಲ.

ಆಡಳಿತ ಸಿಬ್ಬಂದಿಯ ಮಾತು ಕೇಳದೆ ಲೆಕ್ಕದ ಪುಸ್ತಕವನ್ನಷ್ಟೇ ನೋಡಿದರೆ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆ ಸಾಕ್ಷಿ. 2006ರ ಹೊತ್ತಿಗೆ ಸ್ವಾಯತ್ತ ಸ್ಥಾನಮಾನ ಪಡೆಯುವ ಆತುರದಲ್ಲಿದ್ದ ಅಲ್ಲಿನ ಆಡಳಿತ ಸುಮಾರು ಒಂದು ಕೋಟಿ ಪೌಂಡ್ ಉಳಿಸಲು ಹೊರಟು ನೂರೈವತ್ತರಷ್ಟು ಹುದ್ದೆಗಳನ್ನು ಕಡಿತ ಮಾಡಿತು. ತುರ್ತು ವಿಭಾಗದಲ್ಲಿ ರೋಗಿಯ ಸ್ಥಿತಿ ಎಷ್ಟು ಗಂಭೀರವೆಂದು ಮೊದಲು ಅಂದಾಜಿಸುವ ಕೆಲಸ ಕೌಂಟರಿನಲ್ಲಿ ಕುಳಿತ ಸ್ವಾಗತಕಾರರ ಪಾಲಿಗೆ ಬಂದಿತ್ತು. ದೂರು ಹೇಳಿದ ಸಿಬ್ಬಂದಿಯನ್ನು ಯಾರೂ ಕೇಳಲಿಲ್ಲ. 2013ರ ಫೆಬ್ರವರಿಯಲ್ಲಿ ಬಂದ ರಾಬರ್ಟ್ ಫ್ರಾನ್ಸಿಸ್ ಅವರ ವಿಚಾರಣಾ ವರದಿ 290 ಶಿಫಾರಸುಗಳನ್ನು ಮಾಡಿತು. ಹೊಂದಿಕೊಳ್ಳುವಿಕೆ ಎಂದರೆ ಕಡಿಮೆ ಜನರಿಂದ ಹೆಚ್ಚು ಕೆಲಸ ತೆಗೆಯುವುದೆಂದು ತಿಳಿದವರು ಆ ವರದಿಯ ಬಗ್ಗೆ ಓದಬೇಕು.

ಇಷ್ಟರವರೆಗೆ ದಾದಿಯರ ಮಾತಾಯಿತು, ವೈದ್ಯರ ಸ್ಥಿತಿಯೂ ಬೇರೆಯಲ್ಲ. 2024ರ ಆಗಸ್ಟ್ 9ರಂದು ಕೋಲ್ಕತ್ತಾದ ಆರ್.ಜಿ.ಕರ್ ವೈದ್ಯಕೀಯ ಕಾಲೇಜಿನಲ್ಲಿ ಕಿರಿಯ ವೈದ್ಯೆಯೊಬ್ಬರ ಅತ್ಯಾಚಾರ, ಹತ್ಯೆ ನಡೆದಾಗ ಇಡೀ ದೇಶ ಮರುಗಿತು. ಸತತ ಡ್ಯೂಟಿಯ ನಡುವೆ ವಿಶ್ರಾಂತಿಗೆಂದು ಅವರು ಹೋದದ್ದು ಸೆಮಿನಾರ್ ಕೋಣೆಗೆ. ಸುಪ್ರೀಂ ಕೋರ್ಟ್ ತಾನಾಗಿ ಪ್ರಕರಣ ಕೈಗೆತ್ತಿಕೊಂಡು ಆಗಸ್ಟ್ 20ರಂದು ರಾಷ್ಟ್ರೀಯ ಕಾರ್ಯಪಡೆ ರಚಿಸಿದಾಗ 36 ಗಂಟೆಗಳ ಪಾಳಿ, ವಿಶ್ರಾಂತಿ ಕೊಠಡಿಗಳಿಲ್ಲದಿರುವುದು ಚರ್ಚೆಗೆ ಬಂತು. ಆದರೆ ಈ ವಿಷಯದಲ್ಲಿ ನಿಯಮಗಳಿಗೆ ಕೊರತೆಯಿರಲಿಲ್ಲ. ಕಿರಿಯ ವೈದ್ಯರ ಕೆಲಸ ವಾರಕ್ಕೆ 48 ಗಂಟೆ, ಒಮ್ಮೆಗೆ 12 ಗಂಟೆ ಮೀರಬಾರದೆಂದು ಕೇಂದ್ರ ಸರಕಾರ 1992ರಲ್ಲೇ ನಿರ್ದೇಶನ ಕೊಟ್ಟಿತ್ತು. 2023ರ ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣ ನಿಯಮಗಳಲ್ಲಿ ಅಂಕಿಯೇ ಮಾಯವಾಗಿ ‘ಸಮಂಜಸವಾದ ಕೆಲಸದ ಅವಧಿ’ ಎಂಬ ಮಾತು ಬಂತು. ಸಮಂಜಸ ಎಂದರೆ ಎಷ್ಟು ಎಂದು ನಿರ್ಧರಿಸುವವರು ವಿಭಾಗದ ಮುಖ್ಯಸ್ಥರು. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರಬಾರದು, ಒಂದು ದಿನ ರಜೆ ಬೇಕು ಎಂದು ಶಿಫಾರಸು ಮಾಡಿತು. 48ರಿಂದ 74ಕ್ಕೆ ಬಂದು ನಿಂತದ್ದನ್ನು ಸುಧಾರಣೆ ಎನ್ನಬೇಕೋ ಬೇಡವೋ, ಓದುಗರೇ ಹೇಳಬೇಕು.

ವೈದ್ಯರ ಹೊರೆಯನ್ನು ಇಳಿಸುವ ದಾರಿಯನ್ನು ತೋರಿಸಿದ ಆಸ್ಪತ್ರೆ ನಮ್ಮ ನೆರೆಯಲ್ಲೇ ಇದೆ. ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ ಮಧುರೈಯಲ್ಲಿ 11 ಹಾಸಿಗೆಗಳೊಂದಿಗೆ ಆರಂಭಿಸಿದ ಅರವಿಂದ ಕಣ್ಣಿನ ಆಸ್ಪತ್ರೆಯಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೆ ಎರಡು ವರ್ಷ ತರಬೇತಿ ಕೊಟ್ಟು ದೃಷ್ಟಿ ಪರೀಕ್ಷೆ, ಶಸ್ತ್ರಚಿಕಿತ್ಸೆಯ ತಯಾರಿ, ನಂತರದ ಆರೈಕೆ ಎಲ್ಲವನ್ನೂ ಅವರಿಗೆ ವಹಿಸಿದರು. ಸರ್ಜನ್ ಮಾಡಬೇಕಾದದ್ದು ಸರ್ಜನ್ ಮಾತ್ರ ಮಾಡಬಲ್ಲ ಕೆಲಸವನ್ನು. ಒಂದು ಮೇಜಿನಲ್ಲಿ ಶಸ್ತ್ರಚಿಕಿತ್ಸೆ ಮುಗಿಯುವಾಗ ಪಕ್ಕದ ಮೇಜಿನಲ್ಲಿ ಮುಂದಿನ ರೋಗಿ ಸಿದ್ಧರಿರುತ್ತಾರೆ. ಅದೇ ವೈದ್ಯ, ಅದೇ ಕೈ. ಸುತ್ತಲಿನ ವ್ಯವಸ್ಥೆ ಬದಲಾದದ್ದರಿಂದ ಅಲ್ಲಿನ ಸರ್ಜನ್‌ಗಳು ಒಬ್ಬೊಬ್ಬರೇ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಮಾಡಬಲ್ಲರು. ನಮ್ಮಲ್ಲಿ ಕಿರಿಯ ವೈದ್ಯ ರಕ್ತದ ಸ್ಯಾಂಪಲ್ ಹಿಡಿದು ಲ್ಯಾಬಿಗೆ ಓಡುತ್ತಾನೆ, ದಾದಿ ವಿಮಾ ಕಂಪೆನಿಯ ಫಾರ್ಮು ತುಂಬುತ್ತಾಳೆ.

ದುಡ್ಡಿನ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ಸೂಚನೆಯಂತೆ ಕೇಂದ್ರ ಸರಕಾರ ರಚಿಸಿದ ಸಮಿತಿ 200ಕ್ಕಿಂತ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಗಳಲ್ಲಿ ದಾದಿಯರಿಗೆ ಸರಕಾರಿ ದಾದಿಯರಷ್ಟೇ ಸಂಬಳ, 50ಕ್ಕಿಂತ ಕಡಿಮೆ ಹಾಸಿಗೆಗಳಿದ್ದರೂ ಕನಿಷ್ಠ 20,000 ರೂಪಾಯಿ ಕೊಡಬೇಕೆಂದು ಶಿಫಾರಸು ಮಾಡಿತು. ನೆರೆಯ ಕೇರಳದಲ್ಲಿ 2011-12ರಿಂದ ಆರಂಭವಾಗಿ 2017ರವರೆಗೂ ಮುಷ್ಕರಗಳು ನಡೆದು, 2018ರ ಏಪ್ರಿಲ್‌ನಲ್ಲಿ ಅಲ್ಲಿನ ಸರಕಾರ ಕನಿಷ್ಠ 20,000 ನಿಗದಿ ಮಾಡಿತು. ಕ್ರೈಸ್ತ ಸಂಸ್ಥೆಗಳ ಆಸ್ಪತ್ರೆಗಳೂ ಆ ಮುಷ್ಕರಗಳಿಂದ ಹೊರತಾಗಿರಲಿಲ್ಲ ಎಂಬುದು ಖೇದಕರ. ಬಡವರಿಗೆ ಕಡಿಮೆ ದರದಲ್ಲಿ ಚಿಕಿತ್ಸೆ ಕೊಡುವ ಸಣ್ಣ ಮಿಷನ್ ಆಸ್ಪತ್ರೆಗೆ ಈ ಸಂಬಳ ನಿಜಕ್ಕೂ ಭಾರ. ಸರಕಾರಿ ಯೋಜನೆಗಳ ದರ ಕಡಿಮೆ, ಹಣ ಬರುವುದೂ ತಡ. ಈ ಕಷ್ಟವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸಂಬಳ ಕಡಿಮೆ ಇರುವ ಆಸ್ಪತ್ರೆಯೇ ಬೇರೆ ವಿಷಯಗಳಲ್ಲಿ ಹೆಚ್ಚು ಉದಾರವಾಗಿರಬೇಕಲ್ಲವೇ? ದಾದಿಯರು ಐಇಎಲ್‌ಟಿಎಸ್ ಪಾಸು ಮಾಡಿ ಐರ್ಲೆಂಡಿಗೆ, ಇಂಗ್ಲೆಂಡಿಗೆ ಹೋಗುವುದನ್ನು ಯಾರೂ ತಡೆಯಲಾರರು, ತಡೆಯಬಾರದು ಕೂಡ. ಆ ಸಂಬಳದೊಂದಿಗೆ ನಮ್ಮ ಆಸ್ಪತ್ರೆಗಳು ಸ್ಪರ್ಧೆ ಮಾಡಲಾರವು. ಆದರೆ ವಿದೇಶಕ್ಕೆ ಹೋಗದೆ, ಹತ್ತು ಕಿಲೋಮೀಟರ್ ದೂರದ ಇನ್ನೊಂದು ಆಸ್ಪತ್ರೆಗೆ, ಹೆಚ್ಚುಕಡಿಮೆ ಅದೇ ಸಂಬಳಕ್ಕೆ ಹೋಗುವ ದಾದಿಯರೂ ಇದ್ದಾರೆ. ಅವರನ್ನು ಕಳೆದುಕೊಳ್ಳುವುದಕ್ಕೆ ಡಾಲರ್ ಪೌಂಡುಗಳನ್ನು ದೂರಿ ಪ್ರಯೋಜನವಿಲ್ಲ.

ಹೆಚ್ಚು ಖರ್ಚಿಲ್ಲದೆ ಮಾಡಬಹುದಾದ್ದು ಎಷ್ಟೋ ಇದೆ. ಡ್ಯೂಟಿ ಪಟ್ಟಿಯನ್ನು ಭಾನುವಾರ ಸಂಜೆ ಹಾಕುವ ಬದಲು ಒಂದು ತಿಂಗಳು ಮೊದಲೇ ಹಾಕುವುದು. ಯಾರಿಗೆ ಯಾವ ದಿನ ಬೇಕೆಂದು ದಾದಿಯರೇ ಮೊದಲು ಬರೆದು, ಉಳಿದ ಅಂತರವನ್ನು ಇನ್‌ಚಾರ್ಜ್ ತುಂಬುವುದು. ಮೊಂತಿ ಹಬ್ಬಕ್ಕೂ ಕ್ರಿಸ್ಮಸ್‌ಗೂ ಕ್ರೈಸ್ತ ದಾದಿಯರ ಬದಲಿಗೆ ನಿಂತವರಿಗೆ ದೀಪಾವಳಿಯಲ್ಲಿ, ಈದ್‌ನಲ್ಲಿ ಕ್ರೈಸ್ತರು ನಿಲ್ಲುವುದು. ಹಲವು ವಾರ್ಡುಗಳಲ್ಲಿ ದಾದಿಯರು ತಾವಾಗಿಯೇ ಇದನ್ನು ಮಾಡಿಕೊಳ್ಳುತ್ತಾರೆ. ಆದರೆ ಪ್ರತಿ ಬದಲಾವಣೆಗೂ ಅರ್ಜಿ ಬರೆದು ಮೂರು ಸಹಿ ಹಾಕಿಸಬೇಕೆಂದರೆ ಆ ಸ್ನೇಹವೂ ಬತ್ತಿಹೋಗುತ್ತದೆ. ಮಧ್ಯಾಹ್ನದ ಪಾಳಿ ರಾತ್ರಿ ಎಂಟಕ್ಕೆ ಮುಗಿದು, ಹ್ಯಾಂಡ್‌ಓವರ್ ಎಂಟೂವರೆಗೆ ಮುಗಿದು, ಆಕೆಯ ಊರಿನ ಕೊನೆಯ ಬಸ್ಸು ಎಂಟೂಕಾಲಿಗೆ ಹೊರಡುವುದಾದರೆ, ಪಾಳಿಯನ್ನು ಅರ್ಧ ಗಂಟೆ ಮುಂಚೆ ತರುವುದಕ್ಕೆ ಯಾವ ಬಜೆಟ್ಟೂ ಬೇಡ. ಹಾಗೆ ತಂದರೆ ಹ್ಯಾಂಡ್‌ಓವರ್ ಆತುರದಲ್ಲಿ ನಡೆಯುವುದಿಲ್ಲ. ಯಾವ ರೋಗಿಗೆ ಯಾವ ಇಂಜೆಕ್ಷನ್ ಬಾಕಿ ಇದೆ ಎಂಬುದು ಬಸ್ಸಿನ ಹಾರ್ನಿನ ನಡುವೆ ಕಳೆದುಹೋಗುವುದಿಲ್ಲ.

ನಮ್ಮ ಮಳೆಗಾಲವೂ ಯಾರಿಗೂ ಹೊಸತಲ್ಲ. ಜೂನ್ ಬಂದರೆ ಡೆಂಗ್ಯೂ, ಮಲೇರಿಯಾ, ಇಲಿಜ್ವರ ಬರುತ್ತವೆ ಎಂದು ಕರಾವಳಿಯ ಮಕ್ಕಳಿಗೂ ಗೊತ್ತು. ಮೆಡಿಕಲ್ ವಾರ್ಡು ತುಂಬಿ ಕಾರಿಡಾರಿನಲ್ಲಿ ಹಾಸಿಗೆ ಹಾಕಬೇಕಾಗುತ್ತದೆ. ಆದರೆ ಡ್ಯೂಟಿ ಪಟ್ಟಿ ಮಾರ್ಚಿನಲ್ಲಿ ಹೇಗಿತ್ತೋ ಜುಲೈಯಲ್ಲೂ ಹಾಗೆಯೇ ಇರುತ್ತದೆ. ಆ ನಾಲ್ಕು ತಿಂಗಳಿಗೆಂದು, ಮದುವೆಯಾಗಿ ಮಕ್ಕಳಾದ ಮೇಲೆ ಕೆಲಸ ಬಿಟ್ಟು ಮನೆಯಲ್ಲಿರುವ ಅನುಭವೀ ದಾದಿಯರನ್ನು ದಿನಕ್ಕೆ ನಾಲ್ಕೈದು ಗಂಟೆಗೆ ಕರೆಯಬಹುದು. ಪ್ರತಿ ಇಗರ್ಜಿಯ ವ್ಯಾಪ್ತಿಯಲ್ಲೂ ಅಂಥವರಿದ್ದಾರೆ. ‘ಪೂರ್ತಿ ಪಾಳಿಗೆ ಬಂದರೆ ಬನ್ನಿ, ಇಲ್ಲವೆಂದರೆ ಬೇಡ’ ಎಂಬ ನಿಯಮವಿರುವುದರಿಂದ ಅವರು ಬರುವುದಿಲ್ಲ. ಮಗುವಿನ ವಿಷಯಕ್ಕೆ ಕಾನೂನೇ ಇದೆ. 2017ರ ತಿದ್ದುಪಡಿಯಿಂದ 26 ವಾರಗಳ ಹೆರಿಗೆ ರಜೆಯೂ, 50 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರವೂ ಕಡ್ಡಾಯವಾಯಿತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಉಳಿದಿದೆ. ಅನಾಥ ಮಕ್ಕಳನ್ನು ಸಾಕಿದ ಕಾನ್ವೆಂಟುಗಳಿಗೆ ತಮ್ಮದೇ ದಾದಿಯರ ಹತ್ತು ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವುದು ಕಷ್ಟವಾಗಲಾರದು.

ಇದೆಲ್ಲ ಆಗದ ಮಾತು ಎನ್ನುವವರಿಗೆ 2020ನ್ನು ನೆನಪಿಸಬೇಕು. ಕೋವಿಡ್ ಬಂದಾಗ ಒಂದೆರಡು ವಾರಗಳಲ್ಲಿ ಆಸ್ಪತ್ರೆಗಳು ಇಡೀ ವ್ಯವಸ್ಥೆಯನ್ನೇ ಬದಲಾಯಿಸಿದವು. ಡ್ಯೂಟಿಯ ನಂತರ ಕ್ವಾರಂಟೈನ್, ಸಿಬ್ಬಂದಿಗೆ ವಾಹನ, ವಸತಿ, ಹೊತ್ತಿಗೆ ಸರಿಯಾಗಿ ಊಟ, ತಂಡಗಳ ಸರದಿ ಎಲ್ಲವೂ ಬಂತು. ಸರ್ಜನ್‌ಗಳೂ ಜ್ವರದ ವಾರ್ಡಿನಲ್ಲಿ ನಿಂತರು. ರೋಗ ಹೋದ ಮೇಲೆ ವಾಹನವೂ ಹೋಯಿತು, ಊಟವೂ ಹೋಯಿತು. ಅಪಾಯದಲ್ಲಿ ಸಾಧ್ಯವಾದದ್ದು ನೆಮ್ಮದಿಯ ದಿನಗಳಲ್ಲಿ ಏಕೆ ಸಾಧ್ಯವಿಲ್ಲ ಎಂದು ಕೇಳಿದರೆ ಸಿಗುವ ಉತ್ತರ, ‘ಆಗ ಬೇರೆ ದಾರಿ ಇರಲಿಲ್ಲ’ ಎಂಬುದು. ಅಂದರೆ ಈಗ ಬೇರೆ ದಾರಿ ಇದೆ, ಅದು ಸಿಬ್ಬಂದಿಯ ಬೆನ್ನಿನ ಮೇಲೆ ಹಾದುಹೋಗುತ್ತದೆ ಎಂದಾಯಿತು.

ಆಡಳಿತಾಧಿಕಾರಿಗಳ ವರ್ಗಾವಣೆಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಧರ್ಮಪ್ರಾಂತ್ಯದ, ಧಾರ್ಮಿಕ ಸಭೆಗಳ ಆಸ್ಪತ್ರೆಗಳಿಗೆ ನಿರ್ದೇಶಕರಾಗಿ ಬರುವ ಧರ್ಮಗುರುಗಳು, ಧರ್ಮಭಗಿನಿಯರು ಕೆಲವು ವರ್ಷಗಳಲ್ಲಿ ಬೇರೆ ಕಡೆ ಹೋಗುತ್ತಾರೆ. ಕೆಲವರು ಶಾಲೆಯಿಂದ ನೇರ ಆಸ್ಪತ್ರೆಗೆ ಬಂದವರು. ಒಬ್ಬರು ಆರಂಭಿಸಿದ ಒಳ್ಳೆಯ ಪದ್ಧತಿಯನ್ನು ಮುಂದಿನವರು ಬದಲಾಯಿಸುತ್ತಾರೆ, ದಾದಿಯರು ಹೊಸಬರ ಮನಸ್ಸು ತಿಳಿಯುವುದರಲ್ಲೇ ಎರಡು ವರ್ಷ ಕಳೆಯುತ್ತಾರೆ. ಹೊಸಬರಿಗೆ ಎಲ್ಲವನ್ನೂ ತಾವೇ ನೋಡಬೇಕೆಂಬ ಶ್ರದ್ಧೆ ಇರುತ್ತದೆ. ವಿಮೋಚನಾಕಾಂಡದ 18ನೇ ಅಧ್ಯಾಯದಲ್ಲಿ ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯ ತೀರಿಸುತ್ತಿದ್ದುದನ್ನು ಕಂಡ ಮಾವ ಇತ್ರೋ, ಹೀಗಾದರೆ ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ ಎಂದು ಎಚ್ಚರಿಸಿ, ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ನಾಯಕರನ್ನು ನೇಮಿಸುವಂತೆ ಸಲಹೆ ಕೊಟ್ಟ ಪ್ರಸಂಗವಿದೆ. ವಾರ್ಡ್ ಇನ್‌ಚಾರ್ಜ್ ಎಂದರೆ ಆ ಹತ್ತರ ನಾಯಕಿ. ಒಂದು ಪಾಳಿ ಬದಲಿಸುವ, ಕೆಟ್ಟ ಬಿ.ಪಿ. ಯಂತ್ರವನ್ನು ರಿಪೇರಿಗೆ ಕಳುಹಿಸುವ ಅಧಿಕಾರವೂ ಆಕೆಗಿಲ್ಲದಿದ್ದರೆ ಆ ಹುದ್ದೆ ಹೆಸರಿಗೆ ಮಾತ್ರ. ದಾದಿಯರ ಪಾಲಕ ಸಂತರಾದ ಕಮಿಲಸ್ ದೆ ಲೆಲ್ಲಿಸ್ ಕೂಡ ಮೊದಲು ರೋಮ್ ನಗರದ ಸಂತ ಜೇಮ್ಸರ ಆಸ್ಪತ್ರೆಗೆ ಕಾಲಿನ ಹುಣ್ಣಿನ ರೋಗಿಯಾಗಿ ಬಂದು, ಆಮೇಲೆ ಅದೇ ಆಸ್ಪತ್ರೆಯ ಮೇಲ್ವಿಚಾರಕರಾದವರು. ಹಾಸಿಗೆಯಲ್ಲಿ ಮಲಗಿ ನೋಡಿದ್ದನ್ನು ಅವರು ಕಚೇರಿಯಲ್ಲಿ ಕುಳಿತು ಮರೆಯಲಿಲ್ಲ.

ನಮ್ಮ ಕ್ರೈಸ್ತ ಬಾಂಧವರ ಪಾಲೂ ಇದರಲ್ಲಿದೆ. ವಾಳೆಯ ಗುರಿಕಾರರಿಂದ ಹಿಡಿದು ಪಾಲನಾ ಮಂಡಳಿಯ ಉಪಾಧ್ಯಕ್ಷರವರೆಗೆ, ‘ನಮ್ಮವರೊಬ್ಬರಿದ್ದಾರೆ, ಒಂದು ಸ್ಪೆಷಲ್ ರೂಮು ಕೊಡಿಸಿ’ ಎಂದು ನಿರ್ದೇಶಕರಿಗೆ ಫೋನ್ ಮಾಡದವರು ಅಪರೂಪ. ಆ ಒಂದು ಫೋನಿನಿಂದ ವಾರ್ಡಿನಲ್ಲಿ ಇಬ್ಬರು ದಾದಿಯರ ಒಂದು ಗಂಟೆ ಹಾಳಾಗುತ್ತದೆ. ಭೇಟಿಯ ಸಮಯ ಮುಗಿದ ಮೇಲೂ ಎಂಟು ಮಂದಿ ಮಂಚದ ಸುತ್ತ ಕುಳಿತಿರುತ್ತೇವೆ, ಡಾಕ್ಟರ್ ಬರುವುದು ತಡವಾದರೆ ದಾದಿಯ ಮೇಲೆ ಕೂಗಾಡುತ್ತೇವೆ. ನಾವು ಕೂಡ ಆಕೆಗೆ ‘ಅಡ್ಜಸ್ಟ್ ಮಾಡಿ’ ಎಂದವರೇ.

ಇನ್ನು ವಾರ್ಷಿಕ ವರದಿಯ ವಿಷಯ. ನಮ್ಮ ಆಸ್ಪತ್ರೆಗಳ ವರದಿ ಪುಸ್ತಿಕೆಗಳಲ್ಲಿ ಹೊರರೋಗಿಗಳೆಷ್ಟು, ಹೆರಿಗೆಗಳೆಷ್ಟು, ಶಸ್ತ್ರಚಿಕಿತ್ಸೆಗಳೆಷ್ಟು, ಬಡವರಿಗೆ ಕೊಟ್ಟ ರಿಯಾಯಿತಿ ಎಷ್ಟು ಎಂಬ ಅಂಕಿಗಳು ಅಂದವಾಗಿ ಅಚ್ಚಾಗಿರುತ್ತವೆ. ಸಲಹಾ ಸಮಿತಿಗಳಲ್ಲಿರುವ ಶ್ರೀಸಾಮಾನ್ಯ ಸದಸ್ಯರು ಮುಂದಿನ ಸಭೆಯಲ್ಲಿ ಇನ್ನೂ ಮೂರು ವಿಷಯಗಳ ಅಂಕಿಗಳನ್ನು ಕೇಳಬೇಕೆಂದು ನಾವು ಆಗ್ರಹಿಸುತ್ತೇವೆ: ವರ್ಷದಲ್ಲಿ ಕೆಲಸ ಬಿಟ್ಟ ದಾದಿಯರು ಮತ್ತು ಕಿರಿಯ ವೈದ್ಯರು ಎಷ್ಟು, ಅವರಲ್ಲಿ ಎಷ್ಟು ಮಂದಿಯನ್ನು ಕೂರಿಸಿ ಕಾರಣ ಕೇಳಲಾಯಿತು, ಡ್ಯೂಟಿ ಪಟ್ಟಿ ಎಷ್ಟು ದಿನ ಮೊದಲು ಹಾಕಲಾಗುತ್ತದೆ, ಹಾಕಿದ ಮೇಲೆ ಎಷ್ಟು ಬಾರಿ ಬದಲಾಗುತ್ತದೆ, ಸಿಬ್ಬಂದಿಯೇ ಮುಂದೆ ಬಂದು ಹೇಳಿದ ತಪ್ಪುಗಳು ಎಷ್ಟು, ಅವುಗಳಿಂದ ಏನು ಬದಲಾಯಿತು. ಮೊದಲ ವರ್ಷ ಈ ಅಂಕಿಗಳು ನೋಡಲು ಚೆನ್ನಾಗಿರಲಾರವು. ಆದರೂ ಪುಸ್ತಿಕೆಯಲ್ಲಿ ಅವುಗಳಿಗೆ ಒಂದು ಪುಟ ಬೇಕು, ಉದ್ಘಾಟನೆಯ ಫೋಟೋಗಳಲ್ಲಿ ಎರಡು ಕಡಿಮೆಯಾದರೂ ಅಡ್ಡಿಯಿಲ್ಲ.